ಮಾರುವೇಷದ ಗಿರಾಕಿ



ತಿಂಗಳ ಕೊನೆಯ ವಾರದಲ್ಲಿ ಮಧ್ಯಮ ವರ್ಗದ ಮನೆಗಳಲ್ಲಿ ನಡೆಯುವ ಮಾತುಕತೆಯನ್ನು ಯಾರಾದರೂ ಬರೆದಿಟ್ಟುಕೊಂಡರೆ, ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕಾಣಿಸಿಕೊಳ್ಳುವ ಪದ ‘ಇನ್ನೊಂದಿಷ್ಟು’ ಎಂಬುದೇ ಇರಬೇಕು. ಇನ್ನೊಂದಿಷ್ಟು ಬರುವಂತಿದ್ದರೆ ಮಗಳ ಫೀಸಿನ ಚಿಂತೆ ತಪ್ಪುತ್ತಿತ್ತು. ಇನ್ನೊಂದಿಷ್ಟು ಇದ್ದಿದ್ದರೆ ಮನೆಗೆ ಸುಣ್ಣಬಣ್ಣ ಮಾಡಿಸಬಹುದಿತ್ತು. ಈ ‘ಇನ್ನೊಂದಿಷ್ಟ’ನ್ನು ಅರಸಿಕೊಂಡು ನಮ್ಮ ಜನ ಮನೆಪಾಠ ಹೇಳಿದರು, ಹಪ್ಪಳ ಸಂಡಿಗೆ ಮಾಡಿ ಮಾರಿದರು, ಹೊಲಿಗೆಯ ಯಂತ್ರ ತುಳಿದರು, ಜೀವವಿಮೆಯ ಏಜೆನ್ಸಿ ಹಿಡಿದರು. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯೇ ಈ ಎಲ್ಲ ಪ್ರಯತ್ನಗಳ ಹಿಂದಿನ ಧೈರ್ಯ.

ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಹೊಸದೊಂದು ಉಪಕಸುಬು ಸೇರಿಕೊಂಡಿದೆ. ಅದರ ಹೆಸರು ‘ಮಿಸ್ಟರಿ ಶಾಪಿಂಗ್’. ಗುಪ್ತಗ್ರಾಹಕತ್ವ ಎಂದು ಅದನ್ನು ಕನ್ನಡಿಸಬಹುದಾದರೂ ನಾಲಗೆಗೆ ಅದು ಒರಟಾಗುತ್ತದೆ. ‘ಮಾರುವೇಷದ ಗಿರಾಕಿ’ ಎಂದರೆ ಅರ್ಥವೂ ಆಗುತ್ತದೆ, ತುಟಿಯ ಮೇಲೆ ಸಣ್ಣ ನಗೆಯೂ ಮೂಡುತ್ತದೆ. ಏಕೆಂದರೆ ಇಲ್ಲಿ ಗಿರಾಕಿ ತೊಡುವ ವೇಷ ಗಿರಾಕಿಯದೇ! ಅಂಗಡಿಗೆ ಹೋಗಿ ಸಾಮಾನು ಕೊಳ್ಳಬಹುದು, ಹೋಟೆಲಿಗೆ ಹೋಗಿ ಊಟ ಮಾಡಬಹುದು, ಮೇಲಾಗಿ ಅದಕ್ಕೆ ಹಣವನ್ನೂ ಪಡೆಯಬಹುದು ಎಂದು ಕೇಳಿದಾಗ ಯಾರ ಕಿವಿ ತಾನೆ ನಿಮಿರುವುದಿಲ್ಲ? ನಿವೃತ್ತರು, ಗೃಹಿಣಿಯರು, ಕಾಲೇಜಿನ ಹುಡುಗರು ಇದರ ಬಗೆಗೆ ವಿಚಾರಿಸುತ್ತಿದ್ದಾರೆ. ಈ ಕಸುಬಿನಿಂದ ನಿಜವಾಗಿ ಏನು ದಕ್ಕುತ್ತದೆ, ಅದಕ್ಕೆ ನಾವು ತೆರಬೇಕಾದ ಬೆಲೆ ಯಾವುದು ಎಂಬುದನ್ನು ಇಂದು ನಿಮ್ಮೊಡನೆ ಲೆಕ್ಕ ಹಾಕಿ ನೋಡಬೇಕೆಂದಿದ್ದೇನೆ.

ಮೊದಲು ಇದರ ಸ್ವರೂಪವನ್ನು ತಿಳಿಯೋಣ. ಊರೂರಿನಲ್ಲಿ ಶಾಖೆಗಳಿರುವ ಒಂದು ದೊಡ್ಡ ವ್ಯಾಪಾರ ಸಂಸ್ಥೆ ಇದೆಯೆನ್ನಿ. ಅದು ಬಟ್ಟೆಯ ಮಳಿಗೆಯಾಗಬಹುದು, ಉಪಾಹಾರ ಗೃಹವಾಗಬಹುದು, ಬ್ಯಾಂಕು, ಕಾರಿನ ಷೋರೂಮು, ಪೆಟ್ರೋಲ್ ಬಂಕು ಆಗಬಹುದು. ತಮ್ಮ ಶಾಖೆಗಳಲ್ಲಿ ಗಿರಾಕಿಯನ್ನು ಹೇಗೆ ನಡೆಸಿಕೊಳ್ಳುತ್ತಾರೆಂಬುದನ್ನು ಯಜಮಾನರು ತಿಳಿಯಬೇಕು. ಅವರೇ ಹೋದರೆ ಎಲ್ಲರೂ ಎದ್ದು ನಿಂತು ಮುಗುಳ್ನಗುತ್ತಾರೆ. ಶಾಲೆಗೆ ಇನ್ಸ್‌ಪೆಕ್ಟರು ಬರುವ ದಿನ ಮಕ್ಕಳೆಲ್ಲ ತಲೆ ಬಾಚಿಕೊಂಡು ಬರುವ ಹಾಗೆ. ಆದ್ದರಿಂದ ಅವರು ಮಧ್ಯವರ್ತಿ ಸಂಸ್ಥೆಯೊಂದಕ್ಕೆ ಗುತ್ತಿಗೆ ಕೊಡುತ್ತಾರೆ. ಆ ಸಂಸ್ಥೆ ನಿಮ್ಮಂಥ ನಮ್ಮಂಥ ಸಾಮಾನ್ಯರ ಹೆಸರು ನೋಂದಾಯಿಸಿಕೊಂಡು ಗಿರಾಕಿಗಳಂತೆ ಕಳುಹಿಸುತ್ತದೆ. ಹೋದವರು ಕಂಡದ್ದನ್ನು ಒಂದು ನಮೂನೆಯಲ್ಲಿ ತುಂಬಿ ಕೊಡಬೇಕು. ಕೊಂಡದ್ದಕ್ಕೆ ಒಂದು ಮಿತಿಯವರೆಗೆ ಹಣ ಹಿಂದಕ್ಕೆ ಬರುತ್ತದೆ. ಜೊತೆಗೆ ಒಂದಷ್ಟು ಸಂಭಾವನೆ. ಇಷ್ಟೇ ವಿಷಯ.

ಉಪಾಯವೇನೂ ಹೊಸದಲ್ಲ. ಅರಸರು ರಾತ್ರಿಯ ಹೊತ್ತು ಕಂಬಳಿ ಹೊದ್ದು ನಗರ ಸಂಚಾರ ಮಾಡಿದ ಕತೆಗಳನ್ನು ನಾವೆಲ್ಲ ಅಜ್ಜಿಯರ ಬಾಯಲ್ಲಿ ಕೇಳಿದ್ದೇವೆ. ಬಾಗ್ದಾದಿನ ಹಾರೂನ್ ಅಲ್ ರಷೀದನ ಬಗೆಗೂ ಅಂಥ ಕತೆಗಳುಂಟು. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಂತೂ ಗೂಢಪುರುಷರ ವರ್ಗೀಕರಣವೇ ಇದೆ. ಬಹುಕಾಲ ಮರೆಯಾಗಿದ್ದ ಈ ಗ್ರಂಥ ಮತ್ತೆ ಬೆಳಕು ಕಂಡದ್ದು ಮೈಸೂರಿನಲ್ಲಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 1905ರಲ್ಲಿ ಅಲ್ಲಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳ ಕೈಗೆ ಇದರ ತಾಳೆಯೋಲೆಯ ಪ್ರತಿ ಬಂದಿತು. 1909ರಲ್ಲಿ ಅವರು ಅದನ್ನು ಅಚ್ಚು ಮಾಡಿಸಿದರು. ಅದರಲ್ಲಿ ವರ್ತಕನ ವೇಷದ ಚಾರನಿಗೆ ‘ವೈದೇಹಕ’ನೆಂದು ಹೆಸರು. ಅಂದು ಚಾರನು ವ್ಯಾಪಾರಿಯ ವೇಷ ಹಾಕಿದರೆ ಇಂದು ಗಿರಾಕಿಯ ವೇಷ ಹಾಕುತ್ತಾನೆ, ವ್ಯತ್ಯಾಸ ಅಷ್ಟೆ. ಆದರೆ ಕೌಟಿಲ್ಯ ಒಂದು ಎಚ್ಚರಿಕೆಯನ್ನೂ ಹೇಳಿದ್ದಾನೆ. ಒಬ್ಬನೇ ಚಾರನ ಮಾತನ್ನು ನೆಚ್ಚಬಾರದು. ಒಬ್ಬರನ್ನೊಬ್ಬರು ಅರಿಯದ ಮೂವರು ತಂದ ಸುದ್ದಿ ಒಂದೇ ಆಗಿದ್ದರೆ ಆಗ ನಂಬಬಹುದು ಎಂಬುದು ಅದರ ತಾತ್ಪರ್ಯ. ಈ ಎಚ್ಚರಿಕೆಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಅದರ ಅಗತ್ಯ ಬೀಳುತ್ತದೆ.

ಇಂದಿನ ರೂಪದಲ್ಲಿ ಈ ಕಸುಬು ಬೆಳೆದದ್ದು ಅಮೆರಿಕದಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಷಿಕಾಗೋ ನಗರದ ಅಲನ್ ಪಿಂಕರ್ಟನ್ ಎಂಬಾತನ ಪತ್ತೇದಾರಿ ಸಂಸ್ಥೆ, ರೈಲ್ವೆ ಕಂಪನಿಗಳ ಪರವಾಗಿ ಪ್ರಯಾಣಿಕರ ಸೋಗಿನಲ್ಲಿ ಜನರನ್ನು ಕಳುಹಿಸುತ್ತಿತ್ತು. ಟಿಕೆಟ್ಟಿನ ಹಣ ಕಂಪನಿಯ ಪೆಟ್ಟಿಗೆಗೆ ಬೀಳುತ್ತದೆಯೋ ಕಂಡಕ್ಟರನ ಜೇಬಿಗೆ ಬೀಳುತ್ತದೆಯೋ ಎಂಬುದನ್ನು ನೋಡುವುದು ಅವರ ಕೆಲಸ. 1940ರ ದಶಕದಲ್ಲಿ ವಿಲ್‌ಮಾರ್ಕ್ ಎಂಬ ಸಂಸ್ಥೆ ಅಂಗಡಿಯ ನೌಕರರ ಪ್ರಾಮಾಣಿಕತೆಯನ್ನು ಪರೀಕ್ಷಿಸುವ ಇಂಥದೇ ಕೆಲಸಕ್ಕೆ ‘ಮಿಸ್ಟರಿ ಶಾಪಿಂಗ್’ ಎಂದು ಹೆಸರಿಟ್ಟಿತೆಂದು ಹೇಳುತ್ತಾರೆ. ಕ್ರಮೇಣ ಕಳ್ಳತನದ ಪತ್ತೆ ಹಿಂದೆ ಸರಿದು, ನಗೆಯ ಅಳತೆ ಮುಂದೆ ಬಂದಿತು. ನೌಕರ ಕದ್ದನೇ ಎಂಬ ಪ್ರಶ್ನೆಯ ಜಾಗದಲ್ಲಿ ನೌಕರ ನಕ್ಕನೇ ಎಂಬ ಪ್ರಶ್ನೆ ಕುಳಿತಿತು. 1998ರಲ್ಲಿ ಅಲ್ಲಿ ಇಂಥ ಮಧ್ಯವರ್ತಿ ಸಂಸ್ಥೆಗಳ ಸಂಘವೂ ಹುಟ್ಟಿಕೊಂಡಿತು. ಭಾರತದಲ್ಲಿ ಮಾಲುಗಳೂ ಸರಣಿ ಮಳಿಗೆಗಳೂ ಬೆಳೆದಂತೆ ಈ ಕಸುಬು ಬೆಂಗಳೂರಿಗೂ ಬಂದಿದೆ.

ಈಗ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಸುಮಾರು ಒಂದು ವರ್ಷ ಈ ಕೆಲಸ ಮಾಡಿದರು. ಅಚ್ಚುಕಟ್ಟಿನ ಗೃಹಿಣಿ, ಪ್ರತಿ ಭೇಟಿಯ ಜಮಾಖರ್ಚನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ನಾನು ಹೇಳುವ ವಿವರಗಳಲ್ಲಿ ಹಲವು ಅವರಿಂದ ತಿಳಿದವು.

ಕೆಲಸವನ್ನು ಒಪ್ಪಿಕೊಂಡ ಕೂಡಲೆ ಪುಟಗಟ್ಟಲೆ ಸೂಚನೆಗಳು ಬರುತ್ತವೆ. ಇಂಥ ದಿನ, ಇಂಥ ಹೊತ್ತಿನೊಳಗೆ ಹೋಗಬೇಕು; ಇಂಥದನ್ನೇ ಕೇಳಬೇಕು; ಇಷ್ಟರೊಳಗೆ ಕೊಳ್ಳಬೇಕು. ಸೂಚನೆಗಳು ತಲೆಗೆ ಹತ್ತಿವೆಯೇ ಎಂದು ನೋಡಲು ಹಲವು ಸಂಸ್ಥೆಗಳು ಒಂದು ಕಿರುಪರೀಕ್ಷೆಯನ್ನೂ ಇಡುತ್ತವೆ. ಅಂಗಡಿಯೊಳಗೆ ಕಾಲಿಟ್ಟ ಮೇಲೆ ಕಣ್ಣು ಕಿವಿಗಳಿಗೆ ಬಿಡುವಿಲ್ಲ. ಒಳಗೆ ಹೋದದ್ದು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ? ಮೊದಲ ಮಾತು ಕಿವಿಗೆ ಬಿದ್ದದ್ದು ಎಷ್ಟು ಸೆಕೆಂಡಿನ ಮೇಲೆ? ಮಾತನಾಡಿಸಿದವರ ಎದೆಯ ಮೇಲಿನ ಪಟ್ಟಿಯಲ್ಲಿದ್ದ ಹೆಸರೇನು? ನೆಲ ಒದ್ದೆಯಿತ್ತೇ? ಶೌಚಾಲಯದಲ್ಲಿ ಸೋಪಿತ್ತೇ? ಕೇಳಿದ್ದರ ಜೊತೆಗೆ ಇನ್ನೊಂದನ್ನು ಕೊಳ್ಳಿರೆಂದು ಒತ್ತಾಯಿಸಿದರೇ? ಬಿಲ್ಲಿನೊಡನೆ ಚಿಲ್ಲರೆ ಎಣಿಸಿ ಕೊಟ್ಟರೇ? ಇವೆಲ್ಲವನ್ನೂ ನೋಡಬೇಕು, ಆದರೆ ನೋಡುತ್ತಿರುವಂತೆ ಕಾಣಬಾರದು. ಅಲ್ಲಿ ಬರೆದುಕೊಳ್ಳುವಂತಿಲ್ಲ, ನೆನಪಿನಲ್ಲಿ ಹೊತ್ತು ತರಬೇಕು. ಆಮೇಲೆ ಮನೆಗೆ ಬಂದು ಆ ರಾತ್ರಿಯೋ ಮರುದಿನವೋ ನಮೂನೆ ತುಂಬಬೇಕು. ಬಿಲ್ಲಿನ ಛಾಯಾಚಿತ್ರ ಲಗತ್ತಿಸಬೇಕು. ‘ಹೌದು’, ‘ಅಲ್ಲ’ಗಳ ಜೊತೆಗೆ ಪ್ಯಾರಾಗಟ್ಟಲೆ ವಿವರಣೆ ಬರೆಯಬೇಕು. ಅತ್ತಲಿಂದ ಪರಿಷ್ಕರಿಸುವವರು ಅನುಮಾನದ ಪ್ರಶ್ನೆಗಳನ್ನು ಕಳುಹಿಸಿದರೆ ಅವಕ್ಕೂ ಉತ್ತರ ಕೊಡಬೇಕು. ಬಿಲ್ಲು ಕಳೆದರೆ, ಹೋದ ಹೊತ್ತು ತಪ್ಪಿದರೆ, ಒಂದು ಮುಖ್ಯ ಪ್ರಶ್ನೆ ಕೇಳುವುದು ಮರೆತರೆ ವರದಿ ತಿರಸ್ಕೃತವಾಗಬಹುದು. ಆಗ ಸಂಭಾವನೆಯೂ ಇಲ್ಲ, ಕೊಂಡದ್ದರ ಹಣವೂ ಇಲ್ಲ. ಸ್ವೀಕೃತವಾದರೂ ಹಣ ಕೈಸೇರಲು ತಿಂಗಳು, ಎರಡು ತಿಂಗಳು ಹಿಡಿಯುವುದು ಸಾಮಾನ್ಯ.

ಇನ್ನು ಲೆಕ್ಕ. ಇದು ಕೇವಲ ಉದಾಹರಣೆಗಾಗಿ ನಾನೇ ಕಟ್ಟಿದ ಲೆಕ್ಕ. ಸಂಸ್ಥೆಯಿಂದ ಸಂಸ್ಥೆಗೆ, ಊರಿಂದ ಊರಿಗೆ ಮೊತ್ತ ಬದಲಾಗುತ್ತದೆ. ಆದರೆ ಲೆಕ್ಕದ ರೀತಿ ಎಲ್ಲ ಕಡೆಗೂ ಒಂದೇ.

ಒಂದು ಹೋಟೆಲಿನ ಭೇಟಿಗೆ 400 ರೂಪಾಯಿ ಸಂಭಾವನೆ. ಊಟದ ಖರ್ಚಿಗೆ 600 ರೂಪಾಯಿಯವರೆಗೆ ಹಿಂದಕ್ಕೆ. ನೀವು ಕೇಳಲೇಬೇಕಾದ ತಿನಿಸುಗಳನ್ನು ಕೇಳಿ, ತೆರಿಗೆಯೂ ಸೇರಿ ಬಿಲ್ಲು 690 ಆಯಿತು. ಅಲ್ಲಿಗೆ 90 ರೂಪಾಯಿ ನಿಮ್ಮ ಕೈಯಿಂದ. ಹೋಗಿ ಬರಲು ಬಸ್ಸು, ಆಟೋ ಎಂದು 140 ರೂಪಾಯಿ. ನಾನೂರರಲ್ಲಿ ಇವೆರಡನ್ನೂ ಕಳೆದರೆ ಉಳಿದದ್ದು 170. ಈಗ ಹೊತ್ತಿನ ಲೆಕ್ಕ: ಸೂಚನೆಗಳನ್ನು ಓದಿ ಕಿರುಪರೀಕ್ಷೆ ಬರೆಯಲು 40 ನಿಮಿಷ, ಹೋಗಿ ಬರಲು 100 ನಿಮಿಷ, ಹೋಟೆಲಿನಲ್ಲಿ ಒಂದು ಗಂಟೆ, ವರದಿ ಬರೆಯಲು ಒಂದೂವರೆ ಗಂಟೆ. ಒಟ್ಟು 4 ಗಂಟೆ 50 ನಿಮಿಷ. ಗಂಟೆಗೆ ಹೆಚ್ಚುಕಡಮೆ 35 ರೂಪಾಯಿ ಬಿತ್ತು. ಊಟ ದಕ್ಕಿತಲ್ಲ ಎನ್ನುವಿರಿ. ನಿಜ. ಆದರೆ ಅದು ನಿಮಗೆ ಬೇಕಾದ ಊಟವಲ್ಲ, ನಮೂನೆಗೆ ಬೇಕಾದ ಊಟ. ಮೇಲಾಗಿ ಊಟವನ್ನು ಒಯ್ದು ಮಗಳ ಫೀಸಿಗೆ ಕಟ್ಟಲಾಗುವುದಿಲ್ಲ.

ಇನ್ನೂ ಒಂದು ಮಾತಿದೆ. ಇಂಥ ಐದು ಭೇಟಿಗಳಲ್ಲಿ ಒಂದರ ವರದಿ ತಿರಸ್ಕೃತವಾಯಿತೆನ್ನಿ. ನಾಲ್ಕರಿಂದ ಬಂದ ಉಳಿತಾಯ 680 ರೂಪಾಯಿ. ಐದನೆಯದರಲ್ಲಿ ಊಟದ 690, ಪ್ರಯಾಣದ 140, ಒಟ್ಟು 830 ರೂಪಾಯಿ ಕೈಬಿಟ್ಟಿತು. ಇಪ್ಪತ್ನಾಲ್ಕು ಗಂಟೆಗಳ ದುಡಿಮೆಯ ಕೊನೆಗೆ ನೀವು 150 ರೂಪಾಯಿ ಸಾಲದಲ್ಲಿದ್ದೀರಿ! ಐದು ಊಟಗಳ ನೆನಪು ಮಾತ್ರ ಜಮೆಯ ಕಡೆಗಿದೆ.

ಹಾಗಾದರೆ ಇದರಲ್ಲಿ ಯಾರಿಗೂ ಏನೂ ಗಿಟ್ಟುವುದಿಲ್ಲವೆ? ಗಿಟ್ಟುತ್ತದೆ, ಆದರೆ ಅದಕ್ಕೆ ಕೆಲವು ಅನುಕೂಲಗಳು ಕೂಡಿ ಬರಬೇಕು. ದಿನವೂ ಹೋಗಿ ಬರುವ ದಾರಿಯಲ್ಲೇ ನಾಲ್ಕು ಪೆಟ್ರೋಲ್ ಬಂಕುಗಳೋ ಎರಡು ಬ್ಯಾಂಕುಗಳೋ ಇದ್ದು, ಅವನ್ನೆಲ್ಲ ಒಂದೇ ಸುತ್ತಿನಲ್ಲಿ ಮುಗಿಸಬಲ್ಲವರಿಗೆ ಪ್ರಯಾಣದ ಖರ್ಚು ಹಂಚಿಹೋಗುತ್ತದೆ. ಏನನ್ನೂ ಕೊಳ್ಳದೆ ವಿಚಾರಿಸಿಕೊಂಡು ಬರುವ ಕೆಲಸಗಳಲ್ಲಿ ಕೈಯಿಂದ ಹಣ ಹಾಕುವ ಅಪಾಯವಿಲ್ಲ. ದೂರವಾಣಿಯಲ್ಲಿ ವಿಚಾರಿಸಿದರೆ ಮುಗಿಯುವ ಕೆಲಸಗಳೂ ಇವೆ. ತಿಂಗಳ ಕೊನೆಗೆ ಯಾರೂ ಒಪ್ಪಿಕೊಳ್ಳದೆ ಉಳಿದ ಭೇಟಿಗಳಿಗೆ ಸಂಭಾವನೆಯನ್ನು ಏರಿಸುವುದುಂಟು. ಕಾದು ಕುಳಿತವರಿಗೆ ಅದು ಸಿಗುತ್ತದೆ. ಬರೆಯುವ ಕೈ ಚುರುಕಾದಂತೆ ಒಂದೂವರೆ ಗಂಟೆಯ ವರದಿ ಅರ್ಧ ಗಂಟೆಗೆ ಇಳಿಯುತ್ತದೆ. ಆದರೆ ಒಂದೇ ಶಾಖೆಗೆ ಒಬ್ಬರನ್ನೇ ಮತ್ತೆ ಮತ್ತೆ ಕಳುಹಿಸುವುದಿಲ್ಲ. ಮುಖ ಗುರುತಾದರೆ ಮಾರುವೇಷ ಕಳಚಿತು. ಆದ್ದರಿಂದ ಕೆಲಸ ಹೆಚ್ಚಬೇಕಾದರೆ ಅಲೆದಾಟವೂ ಹೆಚ್ಚಲೇಬೇಕು. ಇಂದು ಕೆಲಸವಿದ್ದು ನಾಳೆ ಇಲ್ಲದಿರಬಹುದು. ಇದು ನೌಕರಿಯಲ್ಲ, ಬಿಡಿ ಗುತ್ತಿಗೆ, ರಜೆಯಿಲ್ಲ, ಭವಿಷ್ಯನಿಧಿಯಿಲ್ಲ. ಬಂದದ್ದು ಎಷ್ಟೇ ಅಲ್ಪವಾಗಲಿ ಆದಾಯ ತೆರಿಗೆಯ ಲೆಕ್ಕಕ್ಕೆ ಮಾತ್ರ ಅದು ಆದಾಯವೇ.

ನನ್ನ ವಿದ್ಯಾರ್ಥಿನಿ ತಮ್ಮ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ವರ್ಷದ ಮೊತ್ತ ಕೂಡಿಸಿ ಅದರ ಕೆಳಗೆ ಒಂದೇ ಪದ ಬರೆದಿದ್ದರು: ‘ರಿಯಾಯಿತಿ’. ಇದಕ್ಕಿಂತ ಸರಿಯಾದ ಪದ ನನಗೆ ಹೊಳೆಯುವುದಿಲ್ಲ. ಹೇಗೂ ಹೋಗಬೇಕೆಂದಿದ್ದ ಅಂಗಡಿಗೆ ಹೋಗಿ ಸ್ವಲ್ಪ ಅಗ್ಗವಾಗಿ ಕೊಂಡಂತೆ. ಅದು ಗಳಿಕೆಯಲ್ಲ, ರಿಯಾಯಿತಿ. ರಿಯಾಯಿತಿಯನ್ನು ಗಳಿಕೆಯೆಂದು ತಿಳಿದವನು ಬೇಡದ ಅಂಗಡಿಗೂ ಹೋಗತೊಡಗುತ್ತಾನೆ.

ಇಲ್ಲಿಯವರೆಗೆ ಹೇಳಿದ್ದು ಪ್ರಾಮಾಣಿಕ ಸಂಸ್ಥೆಗಳ ಮಾತು. ಆದರೆ ಗುಟ್ಟು ಇದ್ದಲ್ಲಿ ಮೋಸಕ್ಕೂ ಜಾಗವಿರುತ್ತದೆ. ಅಮೆರಿಕದಲ್ಲಿ ಈ ಕಸುಬಿನ ಹೆಸರಿನಲ್ಲಿ ನಡೆಯುವ ವಂಚನೆಯ ರೀತಿ ಹೀಗಿದೆ: ಅಂಚೆಯಲ್ಲಿ ಒಂದು ದೊಡ್ಡ ಮೊತ್ತದ ಚೆಕ್ಕು ಬರುತ್ತದೆ. ಅದನ್ನು ನಿಮ್ಮ ಖಾತೆಗೆ ಹಾಕಿ, ನಿಮ್ಮ ಸಂಭಾವನೆ ಹಿಡಿದುಕೊಂಡು, ಉಳಿದದ್ದನ್ನು ಹಣ ರವಾನಿಸುವ ಕಂಪನಿಯೊಂದರ ಮೂಲಕ ಇಂಥವರಿಗೆ ಕಳುಹಿಸಿರಿ, ಆ ಕಂಪನಿಯ ಸೇವೆ ಹೇಗಿತ್ತೆಂದು ಬರೆಯಿರಿ ಎಂಬ ಸೂಚನೆ. ಪಾಪ, ಅವರು ಶ್ರದ್ಧೆಯಿಂದ ಕಳುಹಿಸುತ್ತಾರೆ, ಶ್ರದ್ಧೆಯಿಂದ ವರದಿಯನ್ನೂ ಬರೆಯುತ್ತಾರೆ. ಕೆಲವು ವಾರಗಳಾದ ಮೇಲೆ ಚೆಕ್ಕು ನಕಲಿಯೆಂದು ಬ್ಯಾಂಕು ತಿಳಿಸುತ್ತದೆ. ಕಳುಹಿಸಿದ ಹಣ ಇವರದೇ! ಅಲ್ಲಿನ ಸರಕಾರದ ವ್ಯಾಪಾರ ಆಯೋಗ ಈ ಬಗ್ಗೆ ಎಚ್ಚರಿಸುತ್ತಲೇ ಬಂದಿದೆ.

ನಮ್ಮಲ್ಲಿ ಅದೇ ವಂಚನೆ ಮೊಬೈಲಿನಲ್ಲಿ ಬರುತ್ತದೆ. ಈ ಹೋಟೆಲಿಗೆ ಐದು ನಕ್ಷತ್ರ ಒತ್ತಿರಿ, ಆ ಅಂಗಡಿಯನ್ನು ಮೆಚ್ಚಿರಿ, ಮನೆಯಲ್ಲೇ ಕುಳಿತು ಗಳಿಸಿರಿ ಎಂಬ ಸಂದೇಶ. ಮೊದಲ ಸಲ ಕೆಲವು ನೂರು ರೂಪಾಯಿ ನಿಜವಾಗಿಯೂ ಖಾತೆಗೆ ಬೀಳುತ್ತದೆ. ಅದು ಗಾಳದ ಎರೆಹುಳು. ಆಮೇಲೆ ಹೆಚ್ಚಿನ ಗಳಿಕೆಗೆ ಮುಂಗಡ ಕಟ್ಟಿರೆನ್ನುತ್ತಾರೆ. ಸಾವಿರ ಕಟ್ಟಿದವರು ಅದನ್ನು ಬಿಡಿಸಿಕೊಳ್ಳಲು ಹತ್ತು ಸಾವಿರ ಕಟ್ಟುತ್ತಾರೆ, ಅದನ್ನು ಬಿಡಿಸಿಕೊಳ್ಳಲು ಲಕ್ಷ ಕಟ್ಟುತ್ತಾರೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಇಂಥ ಅರೆಕಾಲಿಕ ಉದ್ಯೋಗದ ಹೆಸರಿನ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ತಡೆಹಿಡಿಯಿತು. ಈ ವಂಚಕರು ಮುಖ್ಯವಾಗಿ ಗುರಿಯಿಡುವುದು ಯಾರಿಗೆ ಎಂಬುದನ್ನೂ ಆಗ ಹೇಳಿತು: ನಿವೃತ್ತ ನೌಕರರು, ಮಹಿಳೆಯರು, ಕೆಲಸವಿಲ್ಲದ ಯುವಕರು. ಎಂದರೆ ‘ಇನ್ನೊಂದಿಷ್ಟು’ ಎಂಬ ಪದ ಯಾರ ಮನೆಯಲ್ಲಿ ಹೆಚ್ಚು ಕೇಳಿಸುತ್ತದೆಯೋ ಅವರೇ. ಆದ್ದರಿಂದ ಒಂದು ಸೂತ್ರವನ್ನು ಮನಸ್ಸಿನಲ್ಲಿ ಬರೆದುಕೊಳ್ಳಿ. ಕೆಲಸ ಕೊಡುವವನು ನಿಮಗೆ ಹಣ ಕೊಡಬೇಕೇ ಹೊರತು ನಿಮ್ಮಿಂದ ಕಟ್ಟಿಸಿಕೊಳ್ಳಬಾರದು. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಠೇವಣಿ, ಮುಂಗಡ ಎಂಬ ಮಾತು ಬಂದ ಕ್ಷಣವೇ ಮೊಬೈಲನ್ನು ಕೆಳಗಿಡಿ. ಹಣ ಈಗಾಗಲೇ ಹೋಗಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ತಡಮಾಡದೆ 1930 ಎಂಬ ಸಹಾಯವಾಣಿಗೆ ದೂರು ಕೊಡಿ. ಇದರಲ್ಲಿ ಗಂಟೆಗಳಿಗೆ ಬೆಲೆಯುಂಟು.

ಹಣದ ಮಾತು ಇಲ್ಲಿಗೆ ಮುಗಿಯಿತು. ಆದರೆ ಈ ಕಸುಬಿನಲ್ಲಿ ಹಣಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿ ಇದೆ. ಕೌಂಟರಿನ ಈಚೆಗೆ ನೀವಿದ್ದೀರಿ. ಆಚೆಗೆ ಒಬ್ಬ ಮನುಷ್ಯನಿದ್ದಾನೆ. ನೀವು ಯಾರೆಂದು ಅವನಿಗೆ ಗೊತ್ತಿಲ್ಲ. ನಿಮ್ಮ ನಮೂನೆಯಲ್ಲಿ ಅವನ ಹೆಸರಿದೆ. ಆ ವರದಿಯ ಮೇಲೆ ಅವನ ಬೋನಸ್ಸು ನಿಂತಿರಬಹುದು, ಬಡ್ತಿ ನಿಂತಿರಬಹುದು, ಕೆಲಸವೇ ನಿಂತಿರಬಹುದು.

ನನ್ನ ವಿದ್ಯಾರ್ಥಿನಿ ಹೇಳಿದ ಒಂದು ಪ್ರಸಂಗವನ್ನು ಕೇಳಿ. ಒಂದು ದೊಡ್ಡ ಬಟ್ಟೆ ಮಳಿಗೆಗೆ ಆಕೆ ಹೋಗಿದ್ದರು. ಗಿರಾಕಿ ಒಳಗೆ ಬಂದ ಮೂವತ್ತು ಸೆಕೆಂಡಿನೊಳಗೆ ನೌಕರ ಮಾತನಾಡಿಸಬೇಕೆಂಬುದು ಅಲ್ಲಿನ ನಿಯಮ. ಆಕೆಯನ್ನು ಮಾತನಾಡಿಸಲು ಆ ಹುಡುಗ ನಾಲ್ಕು ನಿಮಿಷ ತೆಗೆದುಕೊಂಡ. ಏಕೆಂದರೆ ಅಷ್ಟು ಹೊತ್ತೂ ಅವನು ಕೋಲೂರಿಕೊಂಡು ಬಂದಿದ್ದ ಮುದುಕರೊಬ್ಬರ ಕೈಹಿಡಿದು ಲಿಫ್ಟಿನ ತನಕ ಕರೆದೊಯ್ಯುತ್ತಿದ್ದ. ನಮೂನೆಯಲ್ಲಿ ಇದ್ದ ಪ್ರಶ್ನೆ ಒಂದೇ: ಎಷ್ಟು ಹೊತ್ತಾಯಿತು? ಏಕೆ ಎಂಬ ಪ್ರಶ್ನೆ ಇರಲಿಲ್ಲ. “ಸರ್, ಹಣ ಬರುತ್ತದೋ ಇಲ್ಲವೋ ಎಂದು ನನಗೆ ಯಾವತ್ತೂ ನಿದ್ದೆ ಕೆಟ್ಟಿಲ್ಲ. ಅವತ್ತು ಆ ಹುಡುಗನ ಹೆಸರು ಬರೆಯುವಾಗ ಕೈ ಓಡಲಿಲ್ಲ” ಎಂದರು ಆಕೆ. ಕೊನೆಗೆ ನಾಲ್ಕು ನಿಮಿಷವೆಂದು ಸುಳ್ಳಿಲ್ಲದೆ ಬರೆದು, ಷರಾ ಬರೆಯುವ ಜಾಗದಲ್ಲಿ ಆ ಮುದುಕರ ವಿಷಯವನ್ನೂ ವಿವರವಾಗಿ ಬರೆದರಂತೆ. ಆ ಷರಾವನ್ನು ಯಾರಾದರೂ ಓದಿದರೋ, ಅಥವಾ ನಾಲ್ಕು ಎಂಬ ಅಂಕಿ ಮಾತ್ರ ಯಜಮಾನರ ಕೋಷ್ಟಕಕ್ಕೆ ಹೋಯಿತೋ, ಆಕೆಗೆ ಕೊನೆಗೂ ತಿಳಿಯಲಿಲ್ಲ.

ಕೌಟಿಲ್ಯನ ಎಚ್ಚರಿಕೆ ಬೇಕಾಗುವುದು ಇಲ್ಲಿ. ಒಬ್ಬ ಅಪರಿಚಿತ, ಒಂದು ದಿನ, ಅರ್ಧ ಗಂಟೆಯಲ್ಲಿ ಕಂಡದ್ದು ಒಬ್ಬ ಮನುಷ್ಯನ ನಡತೆಯ ಪೂರ್ಣಚಿತ್ರವಲ್ಲ. ಅವತ್ತು ಅವನಿಗೆ ಜ್ವರವಿದ್ದೀತು. ಮನೆಯಲ್ಲಿ ಮಗುವಿಗೆ ಹುಷಾರಿಲ್ಲದೆ ಇದ್ದೀತು. ಮೂವರು ಹೇಳಿದರೆ ನಂಬು ಎಂದು ಶತ್ರುರಾಜರ ವಿಷಯದಲ್ಲೂ ಎಚ್ಚರ ವಹಿಸಿದ ಶಾಸ್ತ್ರ ನಮ್ಮದು. ಮಾರಾಟದ ಹುಡುಗನ ವಿಷಯದಲ್ಲಿ ಒಬ್ಬರ ಮಾತೇ ಸಾಕೆನ್ನುವುದು ಯಾವ ನ್ಯಾಯ? ಒಳ್ಳೆಯ ಸಂಸ್ಥೆಗಳು ಹಲವು ಭೇಟಿಗಳ ಸರಾಸರಿ ನೋಡುತ್ತವೆ. ಶಿಕ್ಷೆಗಲ್ಲ, ತರಬೇತಿಗೆ ಬಳಸುತ್ತವೆ. ಚೆನ್ನಾಗಿ ನಡೆದುಕೊಂಡ ನೌಕರನಿಗೆ ಗಿರಾಕಿಯೇ ಆಗಿಂದಾಗಲೇ ತನ್ನ ಗುರುತು ಹೇಳಿ ಬಹುಮಾನ ಕೊಡುವ ಕ್ರಮವೂ ಕೆಲವೆಡೆ ಇದೆ. ಅದು ಮೆಚ್ಚತಕ್ಕ ಕ್ರಮ. ಎಲ್ಲರೂ ಹಾಗಿಲ್ಲವೆಂಬುದೇ ತೊಂದರೆ.

ನಮೂನೆಯಲ್ಲಿ ಇಲ್ಲದ ಪ್ರಶ್ನೆಗಳನ್ನೂ ನೆನೆಯಬೇಕು. ನೌಕರ ನೆಟ್ಟಗೆ ನಿಂತಿದ್ದನೇ ಎಂದು ಕೇಳುತ್ತಾರೆ. ಅವನಿಗೆ ಕುಳಿತುಕೊಳ್ಳಲು ಒಂದು ಸ್ಟೂಲಾದರೂ ಇತ್ತೇ ಎಂದು ಕೇಳುವುದಿಲ್ಲ. ಅಂಗಡಿ ಕೆಲಸಗಾರರಿಗೆ ಕುಳಿತುಕೊಳ್ಳಲು ಆಸನ ಒದಗಿಸಬೇಕೆಂದು ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಕಾನೂನು ತರಬೇಕಾಯಿತು. ಹತ್ತು ಗಂಟೆ ನಿಂತವರ ಕಾಲು ಏನು ಹೇಳುತ್ತದೆಂದು ಕೇಳಲು ಕಾನೂನೇ ಬೇಕಾಯಿತು. ಅವರ ಮುಖದ ಮೇಲಿನ ನಗೆಯನ್ನು ಅಳೆಯಲು ಮಾತ್ರ ಗೂಢಚಾರರು ಸುಲಭವಾಗಿ ಸಿಕ್ಕಿದರು.

ಇಷ್ಟು ಹೇಳಿದೆನೆಂದು ಈ ಉಪಾಯವೇ ಕೆಟ್ಟದ್ದೆಂದು ತಿಳಿಯಬಾರದು. ದೀಪ ಒಂದೇ, ಅದನ್ನು ಯಾರ ಮುಖಕ್ಕೆ ಹಿಡಿಯುತ್ತೇವೆಂಬುದರಲ್ಲಿದೆ ಮರ್ಮ. 2013ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಹಣಕಾಸು ಸೇವೆಗಳ ನಿಯಂತ್ರಣ ಪ್ರಾಧಿಕಾರ ಒಂದು ವರದಿ ಪ್ರಕಟಿಸಿತು. ಬ್ಯಾಂಕು ಮೊದಲಾದ ಆರು ಸಂಸ್ಥೆಗಳಿಗೆ ಹಣ ಹೂಡುವವರ ಸೋಗಿನಲ್ಲಿ 231 ಭೇಟಿಗಳನ್ನು ಮಾಡಿಸಿದಾಗ, ಸುಮಾರು ನಾಲ್ಕರಲ್ಲಿ ಒಂದು ಭಾಗದ ಭೇಟಿಗಳಲ್ಲಿ ದೊರೆತ ಸಲಹೆ ಸರಿಯಾಗಿರಲಿಲ್ಲವೆಂದು ಗೊತ್ತಾಯಿತು. ನಮ್ಮ ದೇಶದಲ್ಲೂ ಸಂತೋಷ್ ಅನಗೋಳ್, ಷಾನ್ ಕೋಲ್, ಶಾಯಕ್ ಸರ್ಕಾರ್ ಎಂಬ ವಿದ್ವಾಂಸರು ತರಬೇತಾದವರನ್ನು ಗಿರಾಕಿಗಳಂತೆ ಜೀವವಿಮೆಯ ಏಜೆಂಟರ ಬಳಿಗೆ ಕಳುಹಿಸಿ ನೋಡಿದರು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಏಜೆಂಟರಲ್ಲಿ ಬಹುಪಾಲು ಮಂದಿ ಹೇಳಿದ್ದು ಗಿರಾಕಿಗೆ ಹೊಂದುವ ಪಾಲಿಸಿಯನ್ನಲ್ಲ. ತಮಗೆ ಹೆಚ್ಚು ಕಮಿಷನ್ ತರುವ ಪಾಲಿಸಿಯನ್ನು. ಇಂಥ ಸತ್ಯ ಬಹಿರಂಗ ತಪಾಸಣೆಯಿಂದ ಎಂದೂ ಹೊರಬೀಳುತ್ತಿರಲಿಲ್ಲ. ಇಲ್ಲಿ ಮಾರುವೇಷದ ಗಿರಾಕಿ ನಿಜವಾದ ಗಿರಾಕಿಗಳ ಪರವಾಗಿ ಸಾಕ್ಷಿ ನುಡಿದಿದ್ದಾನೆ. ವರದಿ ಒಬ್ಬ ಯಜಮಾನನ ಮೇಜಿಗೆ ಹೋಗಿ ನಿಲ್ಲದೆ ಎಲ್ಲರ ಕೈಗೂ ಬಂದಿದೆ. ಇದನ್ನು ಲೋಕೋಪಕಾರವೆನ್ನಲು ಅಡ್ಡಿಯಿಲ್ಲ.

ಹೀಗೆ ನೋಡಿದರೆ ಈ ಕಸುಬಿನ ಸತ್ವ ಸ್ಪಷ್ಟವಾಗುತ್ತದೆ. ಇಲ್ಲಿ ಮಾರಾಟವಾಗುವುದು ನಮ್ಮ ಹೊತ್ತಲ್ಲ, ನಮ್ಮ ಸಾಕ್ಷ್ಯ. ಸಾಕ್ಷಿ ಹೇಳುವವನು ಕೂಲಿಗಾಗಿ ಹಾತೊರೆಯಬಾರದು. ವರದಿ ತಿರಸ್ಕೃತವಾದರೆ ನಾಳೆಯ ಹಾಲಿನ ದುಡ್ಡಿಗೆ ಕುತ್ತು ಎಂಬ ಸ್ಥಿತಿಯಲ್ಲಿರುವವನು, ನಮೂನೆ ಬಯಸಿದ ಉತ್ತರವನ್ನು ತುಂಬಿ ಕೈತೊಳೆದುಕೊಳ್ಳುತ್ತಾನೆ. ಮುದುಕರ ಕೈಹಿಡಿದ ಹುಡುಗನಿಗಾಗಿ ಷರಾ ಬರೆಯುವ ವ್ಯವಧಾನ ಅವನಿಗೆ ಇರುವುದಿಲ್ಲ. ಅದಕ್ಕಾಗಿ ಅವನನ್ನು ದೂರುವಂತೆಯೂ ಇಲ್ಲ. ಆದ್ದರಿಂದ ವಿಚಿತ್ರವೆನಿಸಿದರೂ ನನ್ನ ತೀರ್ಮಾನ ಇದು: ಹಣದ ಅಗತ್ಯ ಯಾರಿಗೆ ಹೆಚ್ಚಾಗಿದೆಯೋ ಅವರು ಈ ಕಸುಬಿಗೆ ಕೈಹಾಕದಿರುವುದೇ ಲೇಸು. ಅವರ ಆ ಐದು ಗಂಟೆಗೆ ಎರಡು ಮನೆಪಾಠಗಳು, ನಾಲ್ಕು ರವಿಕೆಗಳ ಹೊಲಿಗೆ ಹೆಚ್ಚು ನೆಚ್ಚಿಕೆಯ ಫಲ ಕೊಡುತ್ತವೆ. ಹೊಟ್ಟೆಬಟ್ಟೆಗೆ ನೇರವಾಗಿದ್ದು, ನೋಡುವ ಕಣ್ಣು, ಬರೆಯುವ ಕೈ, ತೂಗುವ ಮನಸ್ಸು ಇರುವವರು ಬೇಕಾದರೆ ಮಾಡಲಿ. ಬಂದ ರಿಯಾಯಿತಿಯನ್ನು ರಿಯಾಯಿತಿಯೆಂದೇ ತಿಳಿಯಲಿ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನೆಂಬ ಶರಣನಿದ್ದ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮ ಹಿಗ್ಗಲಿಲ್ಲ; ಇಷ್ಟೇಕೆ ತಂದಿರಿ ಎಂದು ಪ್ರಶ್ನಿಸಿ, ಹೆಚ್ಚಾದದ್ದನ್ನು ಹಿಂದಕ್ಕೆ ಕಳುಹಿಸಿದಳೆಂದು ಕತೆ. ನಾವು ಲಕ್ಕಮ್ಮನಷ್ಟು ಎತ್ತರಕ್ಕೆ ಏರಲಾರೆವು. ಬೆಲೆಗಳು ಏರುತ್ತಿರುವ ಈ ಕಾಲದಲ್ಲಿ ‘ಇನ್ನೊಂದಿಷ್ಟು’ ಬೇಕೆನ್ನುವುದು ಅಪರಾಧವೂ ಅಲ್ಲ. ಆದರೆ ಹೆಚ್ಚಾಗಿ ಬಂದದ್ದು ಎಲ್ಲಿಂದ ಬಂತು, ಯಾರ ಅಂಗಳದಿಂದ ಬಂತು ಎಂದು ಆಕೆ ಕೇಳಿದ ಧಾಟಿಯಲ್ಲಿ ನಾವೂ ಒಮ್ಮೆ ಕೇಳಿಕೊಳ್ಳಬಹುದು. ನಾಳೆ ನೀವು ಯಾವುದಾದರೂ ಅಂಗಡಿಗೆ ಹೋದಾಗ, ಮಾರುವೇಷವಿಲ್ಲದೆ, ಸಂಭಾವನೆಯಿಲ್ಲದೆ, ಚೆನ್ನಾಗಿ ನಡೆಸಿಕೊಂಡ ನೌಕರನ ಹೆಸರು ಕೇಳಿ ಅವನ ಯಜಮಾನರಿಗೆ ಒಂದು ಒಳ್ಳೆಯ ಮಾತು ಹೇಳಿ ಬನ್ನಿ. ಅದರಿಂದ ನಿಮ್ಮ ಆದಾಯ ಹೆಚ್ಚುವುದಿಲ್ಲ. ಅವನದು ಹೆಚ್ಚಿದರೂ ಹೆಚ್ಚೀತು.



(ಬಾನುಲಿ ಭಾಷಣ)